ಚಾವಿ ತಿರುಗಿಸಿದವಳು

"ಯಾರ್ರೀ ಅದು, ಕಾರಲ್ಲಿ ಹಂದಿ ಕಟ್ಟಿಹಾಕ್ಕೊಂಡು ಬಂದಿರೋರು?"

ನ್ಯಾಮತಿಯ ಸಮುದಾಯ ಭವನದ ಮುಂದೆ ನಿಂತಿದ್ದ ಬೀಗರೆಲ್ಲ ಗೊಳ್ಳೆಂದು ನಕ್ಕರು. ಚೈತ್ರಶ್ರೀಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊನ್ನಾಳಿಯಿಂದ ಇಲ್ಲಿಯವರೆಗೂ ಅವಳ ಕಾರು ಕಿರ್ರ್ರ್ ಎಂದು ಕಿರುಚಿಕೊಂಡೇ ಬಂದಿತ್ತು. ಮದುಮಗಳಿಗೆ ಮೇಕಪ್ ಮಾಡುವುದು ಅವಳ ಕೆಲಸ. ಬಣ್ಣದ ಪೆಟ್ಟಿಗೆ ಹಿಡಿದು ಕೆಳಗಿಳಿಯುವಷ್ಟರಲ್ಲಿ ಈ ಸ್ವಾಗತ!

ಸಿಟ್ಟಿನಿಂದ ತಿರುಗಿದಳು. ನೋಡಿದರೆ... ಮದುಮಗನೇ!

ಕೆನ್ನೆಯ ಮೇಲೆ ಆಗಷ್ಟೇ ಹಚ್ಚಿದ ಅರಿಶಿನ, ಬಲಗೈಗೆ ಅರಿಶಿನ ಕೊಂಬಿನ ಕಂಕಣ, ತುಟಿಯ ಮೇಲೆ ತುಂಟ ನಗು. ಮುತ್ತುರಾಜ್ ಎಂದರೆ ನ್ಯಾಮತಿಯಲ್ಲಿ ಎಲ್ಲರಿಗೂ ಗೊತ್ತು. ಹೊನ್ನಾಳಿ ರಸ್ತೆಯಲ್ಲಿ ಅವನದೊಂದು ಗ್ಯಾರೇಜು. ನಾಳೆ ಬೆಳಗ್ಗೆ ಅವನಿಗೂ ಬಿಳಿಚೋಡಿನ ಸುಧಾಗೂ ಮುಹೂರ್ತ.

"ನಾಳೆ ತಾಳಿ ಕಟ್ಟೋರು ಇವತ್ತು ಸ್ವಲ್ಪ ಮಾತಾಡಾಕೆ ಕಲೀರಿ!" ಎಂದಳು ಚೈತ್ರಾ.

"ಮಾತು ಆಮೇಲೆ ಕಲೀತೀನಿ. ಮೊದ್ಲು ಬಾನೆಟ್ ಎತ್ರಿ. ಫ್ಯಾನ್ ಬೆಲ್ಟು ಕೂಗ್ತೈತೆ. ಇದನ್ನ ಕೇಳ್ಕೊಂಡು ನಾನು ಹಸೆಮಣೆ ಮೇಲೆ ಹೆಂಗ್ ಕೂರ್ಲಿ?"

ಅವನ ತಾಯಿ ಲಕ್ಷ್ಮಮ್ಮ ಒಳಗಿನಿಂದ ಓಡಿ ಬಂದರು. "ಏ ಮುತ್ತು, ಕಂಕಣ ಕಟ್ಟಿದ ಕೈಯಲ್ಲಿ ಕೆಲಸ ಮುಟ್ಟಬ್ಯಾಡ!"

"ಬರೀ ನೋಡ್ತೀನಿ ಅವ್ವಾ."

"ನೋಡಾಕಾದ್ರೂ ಬರುತ್ತಾ, ಇಲ್ಲಾ ಬರೀ ಬಾಯೇನಾ?" ಚೈತ್ರಾ ಕೆಣಕಿದಳು.

ಅವಳ ತಪ್ಪೇನಾದರೂ ಇದ್ದರೆ ಅದಿಷ್ಟೇ. ನಾನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವೂ ಅವಳನ್ನೇ ಬೈಯಬಾರದು.

ಲಕ್ಷ್ಮಮ್ಮ ಗೊಣಗುತ್ತಾ ಒಳಗೆ ಹೋದರು. ಮುತ್ತುರಾಜ್ ಪಂಚೆ ಎತ್ತಿ ಕಟ್ಟಿ ಬಾನೆಟ್ ಒಳಗೆ ಬಗ್ಗಿದ. ಬೆಲ್ಟಿನ ಒಳಮೈ ಬಿರುಕು ಬಿಟ್ಟಿತ್ತು, ಅಂಚು ಸವೆದು ಹೊಳೆಯುತ್ತಿತ್ತು. "ನೀರಿನ ಬಾಟ್ಲಿ ಕೊಡ್ರಿ. ಓಡೋವಾಗ ಇದರ ಮೇಲೆ ನೀರು ಬಿಡ್ತೀನಿ. ಕೂಗು ಜಾಸ್ತಿ ಆದ್ರೆ ಬೆಲ್ಟು ಸಡಿಲ ಐತೆ ಅಂತ. ನಿಂತುಹೋದ್ರೆ ಬೆಲ್ಟು ಸುತ್ತೋ ಚಕ್ರ ಐತಲ್ಲ, ಪುಲ್ಲಿ, ಅದು ವಾರೆ ಇರಬೇಕು." ಅವಳು ಬಾಟಲಿ ಕೊಟ್ಟು ಸೀಟಿನಲ್ಲಿ ಕುಳಿತಳು.

"ಸ್ಟಾರ್ಟ್ ಮಾಡ್ರಿ!" ಎಂದ ಮುತ್ತುರಾಜ್.

ಹೌದು, ಅವನೇ ಅಂದ. ಬಾಯಿ ತುಂಬ ಅಂದ. ಆದರೆ ಒಳಗೆ ವಾಲಗ ಜೋರಾಗಿತ್ತು, ಬೀಗರು ಪಾನಕದ ಸುತ್ತ ನೆರೆದಿದ್ದರು. ಅವಳೊಬ್ಬಳನ್ನು ಬಿಟ್ಟರೆ ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಅವಳು ಚಾವಿ ತಿರುಗಿಸಿದಳು.

ಅವನು ಬಲಗೈಯಿಂದ ನೀರು ಸುರಿದ. ಕಂಕಣದ ದಾರದ ತುದಿ ಜೋತುಬಿದ್ದಿತ್ತು. ಅರಿಶಿನ ಮೆತ್ತಿ ಗಟ್ಟಿಯಾಗಿದ್ದ ಆ ದಾರವನ್ನು ಬೆಲ್ಟು ಒಂದೇ ಸೆಳೆತಕ್ಕೆ ಒಳಗೆಳೆಯಿತು. ಕೊಂಬು ಪುಲ್ಲಿಗೆ ಸಿಕ್ಕಿಕೊಂಡಿತು. ಅದರ ಹಿಂದೆಯೇ ಕೈ.

ಅವಳು ಚಾವಿ ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಮುತ್ತುರಾಜನ ತೋರುಬೆರಳು, ನಡುಬೆರಳು ಎರಡೂ ಹೋಗಿದ್ದವು.

ಮುಂದಿನದು ಅದಕ್ಕಿಂತ ಕ್ರೂರ.

ಆಸ್ಪತ್ರೆಯಲ್ಲಿ ರಕ್ತದಲ್ಲಿ ನೆನೆದ ಕಂಕಣವನ್ನು ಕತ್ತರಿಸಿ ತೆಗೆದರು. "ಏನಾಯ್ತೋ? ಹೆಂಗಾಯ್ತೋ?" ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಮುತ್ತುರಾಜನ ಬಾಯಿಗೆ ನಿಜ ಬಂತು, ಆದರೆ ಹೊರಗೆ ಬರಲಿಲ್ಲ. ಓಡುವ ಎಂಜಿನ್ ಹತ್ತಿರ ಕೈಯಲ್ಲಿ ಉಂಗುರ, ದಾರ, ಗಡಿಯಾರ ಇರಬಾರದೆಂದು ತನ್ನ ಹತ್ತಿರ ಕೆಲಸ ಕಲಿತವರಿಗೆಲ್ಲ ಬೈದು ಬೈದು ಹೇಳಿದವನು ಅವನೇ. ಈಗ ತಾನೇ ಮರೆತೆ ಎಂದು ಯಾವ ಬಾಯಿಂದ ಹೇಳುವುದು?

"ನಾನು ಹೇಳೇ ಇಲ್ಲ... ಆಕೀನೇ ಚಾವಿ ತಿರುಗಿಸಿಬಿಟ್ಲು" ಎಂದ.

ಬಾಗಿಲ ಬಳಿ ನಿಂತಿದ್ದ ಚೈತ್ರಾ ಕೂಗಿದಳು. "ಇಲ್ಲ! ಅವ್ರೇ ಸ್ಟಾರ್ಟ್ ಮಾಡ್ರಿ ಅಂದ್ರು! ಕೇಳ್ರಿ, ಅವ್ರನ್ನೇ ಕೇಳ್ರಿ!"

ಬೆರಳು ಕಳಕೊಂಡವನ ಮಾತು ನಂಬುತ್ತಾರೋ, ಕಾರಿನವಳ ಮಾತು ನಂಬುತ್ತಾರೋ? ಲಕ್ಷ್ಮಮ್ಮ ಆಸ್ಪತ್ರೆಯ ಅಂಗಳದಲ್ಲಿ ಅವಳ ಮುಖಕ್ಕೇ ಮಣ್ಣು ತೂರಿ ಶಾಪ ಹಾಕಿದರು.

ಸುಧಾಳ ಅಪ್ಪ ಹನುಮಣ್ಣ ಹೆಚ್ಚು ಹೊತ್ತು ಯೋಚಿಸಲಿಲ್ಲ. "ಕಂಕಣ ಹರಿದ ಮದುಮಗ ನಮಗೆ ಬ್ಯಾಡ. ಮುಹೂರ್ತ ಬಿಡಾಕೂ ಆಗಲ್ಲ." ಅದೇ ಮಂಟಪ, ಅದೇ ಮುಹೂರ್ತ. ಸುಧಾಳ ಸೋದರಮಾವನ ಮಗ ಕೆಂಚೇಶನನ್ನು ಎಬ್ಬಿಸಿ ತಂದು ಹಸೆಯ ಮೇಲೆ ಕೂರಿಸಿದರು.

ಆ ಮದುಮಗಳಿಗೆ ಮೇಕಪ್ ಮಾಡಿದವರು ಯಾರೆಂದುಕೊಂಡಿರಿ? ಚೈತ್ರಶ್ರೀಯೇ! "ಒಪ್ಪಿಕೊಂಡ ಕೆಲಸ ಮುಗಿಸಿ ತೊಲಗು" ಎಂದು ಕೋಣೆಯೊಳಗೆ ತಳ್ಳಿದರು. ಅವಳು ಕಾಡಿಗೆ ತೀಡುತ್ತಿದ್ದಳು, ಸುಧಾ ಅತ್ತು ಅಳಿಸಿಕೊಳ್ಳುತ್ತಿದ್ದಳು.

"ನೀ ಆ ಚಾವಿ ಮುಟ್ಟದೇ ಇದ್ದಿದ್ರೆ ನಾನು ಇವತ್ತು ಇಷ್ಟಪಟ್ಟೋನ ಪಕ್ಕ ಕೂತಿರ್ತಿದ್ದೆ" ಎಂದಳು ಸುಧಾ. "ನಿನ್ನ ಕೈ ಸೇದಿಹೋಗ!"

ಚೈತ್ರಾ ಅವಳ ಕಣ್ಣು ಒರೆಸಿದಳು. ಮತ್ತೆ ಕಾಡಿಗೆ ತೀಡಿದಳು.

ಅಲ್ಲಿಂದ ಅವಳ ಫೋನು ಸುಮ್ಮನಾಯಿತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಎಲ್ಲಿ ಮದುವೆಯಾದರೂ ಮೊದಲು ಅವಳನ್ನೇ ಕರೆಯುತ್ತಿದ್ದ ಜನ ಈಗ ಅವಳ ಹೆಸರು ಬಂದರೆ ಮಾತು ಬದಲಿಸುತ್ತಿದ್ದರು. "ಚೆಂದ ಮಾಡ್ತಾಳೆ ಬಿಡ್ರಿ, ಆದ್ರೆ ಕೈಗುಣ ಸರಿಯಿಲ್ಲ." ಮನೆಯಲ್ಲೂ ಅದೇ. ಅವಳಪ್ಪ ಮರುಳಸಿದ್ದಪ್ಪನವರು ಒಂದು ದಿನ ಊಟದ ಮುಂದೆಯೇ ಕೇಳಿದರು, "ಒಂದು ಮಾತೂ ಕೇಳದೆ ಚಾವಿ ತಿರುಗಿಸಾಕೆ ನಿನಗೇನವ್ವಾ ಅವಸರ ಇತ್ತು?"

ಅಪ್ಪನೂ!

ಎಲ್ಲರೂ ಒಂದೇ ಹೇಳುತ್ತಿದ್ದಾರೆ. ಹಾಗಾದರೆ... ಅವನು ಅನ್ನಲೇ ಇಲ್ಲವೇ? ಎಲ್ಲಾ ನಾನೇ ಕಲ್ಪಿಸಿಕೊಂಡೆನೇ? ಒಬ್ಬ ಮನುಷ್ಯನ ಕೈ ತಿಂದು ಅವನ ಮೇಲೇ ಸುಳ್ಳು ಹೊರಿಸುತ್ತಿದ್ದೇನೆಯೇ?

ಈ ಪ್ರಶ್ನೆ ತಡೆಯಲಾರದೆ ಅವಳು ಗ್ಯಾರೇಜಿಗೆ ಹೋದಳು. ಮುತ್ತುರಾಜ್ ಗಡ್ಡ ಬಿಟ್ಟಿದ್ದ. ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ.

"ನಂಗೊಬ್ಬಳಿಗೇ ಹೇಳ್ರಿ, ಸಾಕು. ನಾನು ಯಾರಿಗೂ ಹೇಳಲ್ಲ. ನೀವು ಸ್ಟಾರ್ಟ್ ಮಾಡ್ರಿ ಅಂದ್ರಿ, ಹೌದಲ್ರೀ?"

ಅವನು ನೆಲ ನೋಡಿದ. "ನಾನು ಅಂದಿಲ್ಲ."

ಪಾಪಿ! ಅವಳು ಅಷ್ಟು ಸಮೀಪ ನಿಂತು ಕೇಳಿದರೂ ಅಂದಿಲ್ಲ ಎಂದ.

ಅವಳು ಹೊರಡಬೇಕು, ಅಷ್ಟರಲ್ಲಿ ಅವನ ಕೈಯಿಂದ ಬೋಲ್ಟು ಬಿಚ್ಚುವ ಪಾನಾ ಠಣ್ ಎಂದು ನೆಲಕ್ಕೆ ಬಿತ್ತು. ಗಿರಾಕಿಯ ಕಾರೊಂದು ಬಾನೆಟ್ ತೆರೆದು ನಿಂತಿತ್ತು. ಎಡಗೈಯಲ್ಲಿ ಬೋಲ್ಟು ಸಡಿಲಿಸಲು ಹೋಗಿ ಅವನಿಗೆ ಆಗಲಿಲ್ಲ. ಎತ್ತಿಕೊಂಡ, ಮತ್ತೆ ಬಿತ್ತು. ಗಿರಾಕಿ ಮುಖ ತಿರುಗಿಸಿಕೊಂಡ.

ಚೈತ್ರಾ ವಾಪಸ್ ಬಂದು ಪಾನಾ ಎತ್ತಿಕೊಂಡಳು. ಬಳೆ ಬಿಚ್ಚಿ ಚೀಲಕ್ಕೆ ಹಾಕಿದಳು. "ಎತ್ತಕಡೆ ತಿರುಗಿಸಬೇಕು ಹೇಳ್ರಿ."

"ನಿನ್ನ ಕರುಣೆ ನಂಗೆ ಬ್ಯಾಡ."

"ಕರುಣೆ ಅಲ್ಲ. ನಾನು ತೆಗೆದಿದ್ದನ್ನ ನಾನೇ ತುಂಬ್ತೀನಿ. ಎತ್ತಕಡೆ?"

ಹುಚ್ಚು ಹುಡುಗಿ! ತಪ್ಪು ಮಾಡದೆ ದಂಡ ಕಟ್ಟಲು ಹೊರಟಿದ್ದಳು. ಅವನಾದರೂ ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. "ಎಡಕ್ಕೆ" ಎಂದ.

ಹೀಗೆ ಶುರುವಾಯಿತು. ದಿನಾ ಬೆಳಗ್ಗೆ ಹೊನ್ನಾಳಿಯಿಂದ ಅವಳು ಬರುವಳು. ಅವನು ಸ್ಟೂಲಿನ ಮೇಲೆ ಕುಳಿತು ಹೇಳುವನು, ಅವಳು ಮಾಡುವಳು. ಹಳೇ ಬೆಲ್ಟು ಬಿಚ್ಚುವ ಮೊದಲು ಅದು ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗಿದೆ ಎಂದು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಿಚ್ಚಿದ ಮೇಲೆ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ಕಿವಿಗೊಡಬೇಕು. ಗರಗರ ಎಂದರೆ ಬೇರಿಂಗ್ ಹೋಗಿದೆ, ಅದನ್ನು ಬಿಟ್ಟು ಬರೀ ಬೆಲ್ಟು ಹಾಕಿದರೆ ಹೊಸದೂ ಹಾಳಾಗುತ್ತದೆ. ಎಣ್ಣೆ ಸೋರಿ ಬೆಲ್ಟಿಗೆ ತಾಗುತ್ತಿದೆಯೇ ನೋಡಬೇಕು. ಮೇಕಪ್ ಮಾಡಿ ಹದವಾಗಿದ್ದ ಅವಳ ಕೈ ಬೇಗ ಕಲಿಯಿತು. ಉಗುರಿನಲ್ಲಿ ಕಪ್ಪು ಕೂತಿತು, ಮತ್ತೆ ಹೋಗಲಿಲ್ಲ.

ಅವನು ಸುಮ್ಮನೆ ಕಲಿಸಿದನೇ? ಇಲ್ಲ. ಬಂದ ಗಿರಾಕಿಗಳ ಮುಂದೆಲ್ಲ, "ನೋಡ್ರಿ, ನನ್ನ ಬೆರಳು ತಿಂದೋಳು ಇವಳೇ" ಎಂದು ಪರಿಚಯ ಮಾಡಿಕೊಡುತ್ತಿದ್ದ. ಅವಳು ಕಾಫಿ ತಂದರೆ ಚೆಲ್ಲುತ್ತಿದ್ದ. ಬಿಗಿದ ಬೋಲ್ಟನ್ನು ಸುಮ್ಮಸುಮ್ಮನೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ. ಎಷ್ಟು ಕಾಡಿದರೆ ಇವಳು ಬರುವುದು ನಿಲ್ಲಿಸಿಯಾಳು? ಅವಳ ಮುಖ ಕಂಡಾಗಲೆಲ್ಲ ತನ್ನ ಸುಳ್ಳು ಎದುರಿಗೆ ಬಂದು ನಿಲ್ಲುತ್ತಿತ್ತಲ್ಲ!

ಅವಳು ನಿಲ್ಲಿಸಲಿಲ್ಲ. ಅವಳು ಬಾರದ ದಿನ ಅವನಿಗೆ ಗ್ಯಾರೇಜು ಗ್ಯಾರೇಜಿನಂತೆ ಕಾಣುವುದೂ ನಿಂತುಹೋಯಿತು.

ಒಂದು ಮಧ್ಯಾಹ್ನ ಅವಳು ಹೊಸ ಬೆಲ್ಟು ಹಾಕಿ ಬಿಗಿಯುತ್ತಿದ್ದಳು. "ಇಷ್ಟು ಬಿಗಿ ಸಾಕಾ?"

"ಹೆಬ್ಬೆರಳಲ್ಲಿ ಒತ್ತು. ಅಲ್ಲಲ್ಲ, ಎರಡು ಪುಲ್ಲಿ ನಡುವೆ, ಉದ್ದ ಇರೋ ಕಡೆ..." ಮಾತಿನ ಭರದಲ್ಲಿ ಟವೆಲ್ ಜಾರಿದ್ದು ಅವನಿಗೆ ತಿಳಿಯಲಿಲ್ಲ. ಬಲಗೈಯನ್ನೇ ಅವಳ ಕೈಯ ಮೇಲಿಟ್ಟು ಒತ್ತಿಸಿದ. "ಅರ್ಧ ಇಂಚು ಬಗ್ಗಿದ್ರೆ ಸರಿ. ತೀರಾ ಬಿಗಿದ್ರೆ ಬೇರಿಂಗ್ ಸಾಯುತ್ತೆ."

ಇಬ್ಬರೂ ಒಟ್ಟಿಗೆ ಆ ಕೈ ನೋಡಿದರು. ಅವನು ಎಳೆದುಕೊಳ್ಳಲು ಹೋದ. ಅವಳು ಬಿಡಲಿಲ್ಲ.

"ನೋವು ಐತಾ ಇನ್ನೂ?"

"ಚಳಿಗೆ ಜುಮುಗುಡುತ್ತೆ... ಅಷ್ಟೇ."

ಅವಳ ಕಣ್ಣೀರು ಗ್ರೀಸಿನ ಕೈಗಳ ಮೇಲೆ ಬಿತ್ತು. ಹೇಳಿಬಿಡು, ಈಗಲೇ ಹೇಳಿಬಿಡು ಎಂದಿತು ಅವನ ಮನಸ್ಸು. ಹೇಳಿದರೆ ಇವಳು ನಾಳೆ ಯಾಕೆ ಬರುತ್ತಾಳೆ? ಋಣವಿದೆ ಎಂದೇ ಬರುತ್ತಿದ್ದಾಳೆ. ಋಣವೇ ಇಲ್ಲವೆಂದು ತಿಳಿದರೆ?

ಅವನು ಕೈ ಬಿಡಿಸಿಕೊಂಡು ಒಳಗೆ ಹೋದ.

ಲಕ್ಷ್ಮಮ್ಮನ ಕಣ್ಣಿಗೆ ಇದೆಲ್ಲ ಬೀಳದೆ ಇರುತ್ತದೆಯೇ? ಮೊದಮೊದಲು ಅವಳನ್ನು ಕಂಡರೆ ಉಗುಳುತ್ತಿದ್ದವರು ಆಮೇಲೆ ರೊಟ್ಟಿ ಕಟ್ಟಿ ಕಳಿಸುವಷ್ಟು ಮೆತ್ತಗಾಗಿದ್ದರು. ಒಂದು ದಿನ ನೇರವಾಗಿ ಗ್ಯಾರೇಜಿಗೇ ಬಂದರು.

"ನೋಡು ತಾಯಿ, ಸುತ್ತಿ ಬಳಸಿ ಮಾತಾಡಾಕೆ ನಂಗೆ ಬರಲ್ಲ. ಇವನ ಕೈ ನೋಡಿ ಯಾರೂ ಹೆಣ್ಣು ಕೊಡ್ತಿಲ್ಲ. ಮದುವೆ ಮುರಿದೋಳು ನೀನು, ನೀನೇ ಮದುವೆ ಆಗು. ಶಿಕ್ಷೆ ಅಂತಾದ್ರೂ ತಿಳ್ಕೋ."

ಚೈತ್ರಾ ಮುತ್ತುರಾಜನ ಕಡೆ ನೋಡಿದಳು. ಅವಳು ಅವನನ್ನು ಪ್ರೀತಿಸುತ್ತಿದ್ದಳು. ಬಹಳ ದಿನಗಳಿಂದ, ಹುಚ್ಚಿಯ ಹಾಗೆ! ಅವನು ಒಂದು ಮಾತಾಡಲಿ. ಶಿಕ್ಷೆಗಲ್ಲ, ನೀನು ಬೇಕು ಎಂದು ಒಮ್ಮೆ ಹೇಳಲಿ.

ಅವನು ತುಟಿ ಬಿಚ್ಚಲಿಲ್ಲ. ಅವನಿಗೆ ನಾನು ಬೇಡ, ಬಡ್ಡಿ ಸಮೇತ ವಸೂಲಿ ಬೇಕು ಅಷ್ಟೇ ಎಂದುಕೊಂಡಳು ಅವಳು.

"ಆಗಲಿ ಅಮ್ಮಾ" ಎಂದಳು, ತಲೆ ತಗ್ಗಿಸಿ.

ಅವನು ನೋಡಿದ್ದು ಆ ಬಗ್ಗಿದ ತಲೆಯನ್ನಷ್ಟೇ. ಇವಳು ನನ್ನನ್ನು ಬಯಸಿ ಬರುತ್ತಿಲ್ಲ, ಜೈಲಿಗೆ ಹೋಗುವಂತೆ ಬರುತ್ತಿದ್ದಾಳೆ ಎಂದುಕೊಂಡ. ಇಬ್ಬರೂ ಮೂರ್ಖರೇ. ಆದರೆ ಅವನು ಮೂರ್ಖನಷ್ಟೇ ಅಲ್ಲ, ಸುಳ್ಳನೂ ಹೌದು.

ಅಷ್ಟರಲ್ಲಿ ಚನ್ನಗಿರಿಯಿಂದ ಫೋನು ಬಂತು. ಚೈತ್ರಾಳ ಶಾಲಾ ಗೆಳತಿ ಶಿವಲೀಲಾಗೆ ಮದುವೆ. "ಯಾರೇನಾದ್ರೂ ಅನ್ನಲಿ, ನಂಗೆ ನೀನೇ ಮೇಕಪ್ ಮಾಡಬೇಕು" ಎಂದಳು.

ಚೈತ್ರಾಳ ಮುಖದಲ್ಲಿ ಎಷ್ಟೋ ಕಾಲದ ಮೇಲೆ ಕಳೆ ಬಂತು. "ನಾನೂ ಬರ್ತೀನಿ" ಎಂದ ಮುತ್ತುರಾಜ್. "ನಿನ್ನ ಕಾರಿಗೆ ಹಾಕಿರೋದು ಹೊಸ ಬೆಲ್ಟು. ಸ್ವಲ್ಪ ಓಡಿದ ಮೇಲೆ ಹಿಗ್ಗುತ್ತೆ, ಇನ್ನೊಂದು ಸಲ ಬಿಗಿ ನೋಡಬೇಕು."

ನೆಪ! ಅವಳಿಗೂ ಗೊತ್ತಾಯಿತು. ಏನೂ ಅನ್ನಲಿಲ್ಲ.

ಚನ್ನಗಿರಿಯ ಮದುವೆ ಮನೆ ಮುಂದೆ ಇಳಿದು ಪೆಟ್ಟಿಗೆ ಎತ್ತಿಕೊಂಡಳು. ಹೊಸ್ತಿಲು ದಾಟಬೇಕು, ಗಂಡಿನ ಸೋದರತ್ತೆ ಅಡ್ಡ ಬಂದರು.

"ನಿಲ್ಲೇ! ನ್ಯಾಮತಿ ಮದುಮಗನ ಕೈ ತೆಗೆದೋಳು ನೀನೇ ಅಲ್ವಾ? ಆ ಕೈಯಲ್ಲಿ ನಮ್ಮ ಮದುಮಗಳನ್ನ ಮುಟ್ತೀಯಾ?"

"ಅಮ್ಮಾ, ಶಿವಲೀಲಾನೇ ಕರೆದಿದ್ದು..."

"ಸುಡುಗಾಡು! ನಡಿ ಆಚೆ!" ಅವರು ಪೆಟ್ಟಿಗೆ ಕಿತ್ತು ಬೀದಿಗೆ ಎಸೆದರು. ಬ್ರಷ್ಷು, ಕಾಡಿಗೆ, ಬಿಂದಿಗಳೆಲ್ಲ ಚರಂಡಿಯ ಅಂಚಿನವರೆಗೆ ಚೆಲ್ಲಾಡಿದವು. ಜನ ಸೇರಿತು. ಯಾರೋ ಮೊಬೈಲ್ ಹಿಡಿದು ವಿಡಿಯೋ ಮಾಡತೊಡಗಿದ.

ಚೈತ್ರಾ ಮೊಣಕಾಲೂರಿ ಒಂದೊಂದಾಗಿ ಆರಿಸಿಕೊಂಡಳು. ಮುತ್ತುರಾಜ್ ಆರಿಸಲು ಬಗ್ಗಿದಾಗ ಮೆಲ್ಲಗೆ ಹೇಳಿದಳು.

"ನೀವು ಬಿಡ್ರಿ. ನಿಮ್ಮ ಬೆರಳೇ ಹೋಗಿದಾವೆ... ಇದೇನು ದೊಡ್ಡದು?"

ಅವನಿಗೆ ಅಲ್ಲಿಗೆ ತಡೆಯಲಾಗಲಿಲ್ಲ. ಟವೆಲ್ ಕಿತ್ತೆಸೆದು ಬಲಗೈ ಮೇಲೆತ್ತಿದ.

"ಎಲ್ರೂ ನೋಡ್ರಿ! ಆ ನ್ಯಾಮತಿ ಮದುಮಗ ನಾನೇ! ಸ್ಟಾರ್ಟ್ ಮಾಡ್ರಿ ಅಂದೋನೂ ನಾನೇ! ಕೈಯಲ್ಲಿ ಕಂಕಣ ಐತೆ ಅನ್ನೋದನ್ನ ಮರೆತೋನೂ ನಾನೇ! ಆಕೆ ನಾನು ಹೇಳಿದಷ್ಟೇ ಮಾಡಿದ್ಲು. ಆಸ್ಪತ್ರೇಲಿ ನಾನು ಹೇಳಿದ್ದೆಲ್ಲ ಸುಳ್ಳು. ಇವತ್ತಿನವರೆಗೂ ಹೇಳಿದ್ದೆಲ್ಲ ಸುಳ್ಳು!"

ವಿಡಿಯೋ ಮಾಡುತ್ತಿದ್ದವನು ಮೊಬೈಲನ್ನು ಅವನ ಕಡೆ ತಿರುಗಿಸಿದ.

ಚೈತ್ರಾ ಎದ್ದು ನಿಂತಳು. ಅವಳು ಅಳುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿರಾ? ಇಲ್ಲ!

"ನಂಗೆ ಗೊತ್ತಿತ್ತು..." ಅವಳು ಅವನ ಹತ್ತಿರಕ್ಕೇ ಬಂದಳು. "ನಂಗೆ ಗೊತ್ತಿತ್ತು! ಆದ್ರೂ ನನ್ನ ನಾನೇ ನಂಬದಂಗೆ ಮಾಡಿಬಿಟ್ರಲ್ಲ! ಹಾಸಿಗೆ ಮೇಲೆ ಬಿದ್ಕೊಂಡು ನಾನು ಪಾಪಿ, ನಾನು ಪಾಪಿ ಅಂತ ಅತ್ತಿದೀನಿ ಕಣ್ರೀ. ನೀವು ದಿನಾ ಎದುರಿಗೆ ಕೂತು ನೋಡ್ತಿದ್ರಿ!"

"ಚೈತ್ರಾ, ನೀನು ಬರೋದು ನಿಲ್ಲಿಸಿಬಿಡ್ತೀಯ ಅಂತ ಹೆದರಿ..."

"ಸಾಕು."

ಗದ್ದಲ ಕೇಳಿ ಶಿವಲೀಲಾ ಅರಿಶಿನದ ಸೀರೆಯಲ್ಲೇ ಹೊರಗೆ ಬಂದಿದ್ದಳು. ಗಂಡಿನ ಸೋದರತ್ತೆಯನ್ನು ಸರಿಸಿ ಗೆಳತಿಯ ಕೈ ಹಿಡಿದು ಒಳಗೆ ಕರೆದೊಯ್ದಳು. ಚೈತ್ರಾ ಮೇಕಪ್ ಮುಗಿಸುವವರೆಗೂ ಮುತ್ತುರಾಜ್ ಬಿಸಿಲಲ್ಲೇ ನಿಂತಿದ್ದ. ಅವಳು ಹೊರಬಂದು ಕಾರು ಹತ್ತಿದಳು, ಅವನ ಪಕ್ಕದಿಂದಲೇ ಹೋದಳು. ನಿಲ್ಲಿಸಲಿಲ್ಲ. ಅವನು ಬಸ್ಸಿನಲ್ಲಿ ನ್ಯಾಮತಿಗೆ ಬಂದ.

ಆ ವಿಡಿಯೋ ಎಲ್ಲರ ಮೊಬೈಲಿಗೂ ಹೋಯಿತು. "ಕಂಕಣ ಮರೆತ ಮೇಸ್ತ್ರಿ" ಎಂದು ಜನ ಆಡಿಕೊಂಡರು, ಗಿರಾಕಿಗಳು ಕಡಿಮೆಯಾದರು. ಲಕ್ಷ್ಮಮ್ಮ ಮಗನ ಜೊತೆ ಮಾತು ಬಿಟ್ಟರು. ಅನ್ನ ಬಡಿಸಿ ಎದ್ದು ಹೋಗುತ್ತಿದ್ದರು.

ಯಾರೂ ಹೇಳದೆ ಅವನು ಜಗಳೂರಿನ ಬಸ್ಸು ಹತ್ತಿ ಬಿಳಿಚೋಡಿಗೆ ಹೋದ. ಸುಧಾ ತವರಿಗೆ ಬಂದಿದ್ದಳು. ಹನುಮಣ್ಣನ ಎದುರೇ ಎಲ್ಲಾ ಹೇಳಿದ. ಹನುಮಣ್ಣ ಚಪ್ಪಲಿ ಎತ್ತಿಕೊಂಡರು, ಅವನು ಅಲುಗಲಿಲ್ಲ.

"ಬಿಡಪ್ಪಾ" ಎಂದಳು ಸುಧಾ. ಮುತ್ತುರಾಜನ ಕಡೆ ತಿರುಗಿದಳು. "ಆ ಹುಡುಗಿಗೆ ನಾನು ಕೈ ಸೇದಿಹೋಗ ಅಂದಿದ್ದೆ. ಆಕಿ ಸಿಕ್ಕರೆ ಕಾಲು ಹಿಡೀತೀನಿ. ನಿನ್ನ ಮುಖ ಮಾತ್ರ ಈ ಜನ್ಮದಲ್ಲಿ ತೋರಿಸಬ್ಯಾಡ." ಬಾಗಿಲು ಹಾಕಿಕೊಂಡಳು.

ಆ ಸಂಜೆಯೇ ಸುಧಾ ಚೈತ್ರಾಳಿಗೆ ಫೋನು ಮಾಡಿ ಅತ್ತಳು. ಇಬ್ಬರೂ ಅತ್ತರು. ಕೊನೆಗೆ ಸುಧಾ, "ಅವನು ಸುಳ್ಳು ಹೇಳಿದ ನಿಜ. ಆದ್ರೆ ಏಟು ತಿನ್ನಾಕೇ ಬಂದೋನಂಗೆ ಬಂದಿದ್ದ" ಎಂದಳು.

ಚೈತ್ರಾಳಿಗೆ ಈಗ ಮತ್ತೆ ಮದುವೆಗಳು ಬರುತ್ತಿದ್ದವು. ಅಪ್ಪ ತಲೆ ತಗ್ಗಿಸಿ ಓಡಾಡುತ್ತಿದ್ದರು. ಅವಳ ಮೇಲೆ ಯಾವ ಋಣವೂ ಉಳಿದಿರಲಿಲ್ಲ. ಆದರೂ ಯಾವುದೋ ಕಾರು ಬೀದಿಯಲ್ಲಿ ಕಿರುಚಿದರೆ ಪುಲ್ಲಿ ವಾರೆಯೋ, ಬೆಲ್ಟು ಸಡಿಲವೋ ಎಂದು ಕಿವಿ ನೆಟ್ಟಗಾಗುತ್ತಿತ್ತು, ಹಿಂದೆಯೇ ಕಣ್ಣು ತುಂಬುತ್ತಿತ್ತು. ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು.

ಒಂದು ಬೆಳಗ್ಗೆ ಅವಳು ಗ್ಯಾರೇಜಿಗೆ ಬಂದಳು. ಮುತ್ತುರಾಜ್ ಎಡಗೈಯಲ್ಲಿ ಪಾನಾ ಹಿಡಿದು ಒಬ್ಬನೇ ಬೆಲ್ಟು ಬಿಗಿಯುತ್ತಿದ್ದ. ಬಲಗೈಗೆ ಟವೆಲ್ ಇರಲಿಲ್ಲ. ಅವಳನ್ನು ಕಂಡು ಗಕ್ಕನೆ ಎದ್ದು ನಿಂತ.

"ಬಿಗಿ ನೋಡಾಕೆ ಬಂದೆ" ಎಂದಳು.

"ಒಳಗೆ ಬಾ."

"ಇಲ್ಲೇ ಸರಿ." ಅವಳು ಬಾಗಿಲಲ್ಲೇ ನಿಂತಳು. "ಈಗ ನಾನು ನಿಮಗೆ ಏನೂ ಕೊಡಬೇಕಾಗಿಲ್ಲ, ಅಲ್ವಾ?"

"ಯಾವತ್ತೂ ಇರಲಿಲ್ಲ. ಕೊಡಬೇಕಾದೋನು ನಾನು. ಹೆಂಗೆ ತೀರಿಸಬೇಕೋ ಗೊತ್ತಾಗ್ತಿಲ್ಲ."

"ತೀರಲ್ಲ ಅದು. ಇರ್ಲಿ ಬಿಡ್ರಿ." ಅವಳು ದುಪಟ್ಟಾದ ಅಂಚು ತಿರುಚಿದಳು. "ಅವತ್ತು ಅಮ್ಮ ಶಿಕ್ಷೆ ಅಂತ ಕೇಳಿದ್ರು. ಈಗ ನೀವು ಕೇಳ್ರಿ. ಶಿಕ್ಷೆ ಅಂತಲ್ಲ... ಆಸೆ ಇದ್ರೆ."

ಅವನ ಕಣ್ಣು ತುಂಬಿ ಬಂತು. "ಐತೆ ಚೈತ್ರಾ. ನೀ ಮೊದಲನೇ ಸಲ ಪಾನಾ ಎತ್ಕೊಂಡಾಗಿಂದ ಐತೆ. ನನ್ನ ಮದುವೆ ಆಗ್ತೀಯಾ?"

"ಇಲ್ಲ."

ಅವನು ತಲೆಯಾಡಿಸಿದ. ನ್ಯಾಯವೇ ಅನ್ನಿಸಿತು.

"ಇವತ್ತು ಆಗಲ್ಲ" ಎಂದಳು ಚೈತ್ರಾ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಇವತ್ತು ನಿಮ್ಮ ಮೇಲೆ ಬಾಳ ಸಿಟ್ಟೈತೆ. ನಾಳೆ ಕೇಳ್ರಿ."

"ನಾಳೆನೂ ಸಿಟ್ಟಿದ್ರೆ?"

"ನಾಡಿದ್ದು ಕೇಳ್ರಿ."

"ಅವತ್ತೂ ಇದ್ರೆ?"

"ಸಿಟ್ಟು ಇರುತ್ತೆ ರೀ, ಅಷ್ಟು ಬೇಗ ಹೋಗಲ್ಲ" ಎಂದು ಅವಳು ಬಳೆ ಬಿಚ್ಚುತ್ತಾ ಒಳಗೆ ಬಂದಳು. "ನೀವು ಕೇಳೋದು ಮಾತ್ರ ಬಿಡಬ್ಯಾಡ್ರಿ."